ತಂಬುಳಿ ಕಂಪ್ಯೂಟರ್

"ಏ ಪೂರ್ಣೇಶ್, ಕೈ ತೆಗಿ! ಎಲೆ ಹರಿಯತ್ತೆ!"

ಅಪೇಕ್ಷಾ ಕೂಗುವಷ್ಟರಲ್ಲಿ ಎಲೆ ಹರಿದೇ ಹೋಯಿತು. ಮೇಜಿನ ಮೇಲಿದ್ದ ಪುಟ್ಟ ಹಸಿರು ದೀಪ ಮಿನುಗಿ ಆರಿತು. ಪೂರ್ಣೇಶನ ಬೆರಳುಗಳ ನಡುವೆ ಒಂದೆಲಗದ ದುಂಡನೆಯ ಎಲೆ ಉಳಿದಿತ್ತು.

"ನಾನೆಂತ ಮಾಡ್ಲಿಲ್ಲ ಮಾರಾಯ್ತಿ. ದೀಪ ಹತ್ತತ್ತಾ ಅಂತ ನೋಡಿದ್ದು ಅಷ್ಟೆ" ಎಂದ ಪೂರ್ಣೇಶ್. ಆಮೇಲೆ ಆ ಎಲೆಯನ್ನು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡ. "ನೋಡ್ರೋ, ನಾನು ಕಂಪ್ಯೂಟರ್ ತಿಂದೆ!"

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು.

"ಒಂದೆಲಗ, ದೊಡ್ಡಪತ್ರೆ. ಮಜ್ಜಿಗೆ ಒಂದು ತಂದ್ರೆ ಆಯ್ತು. ತಂಬುಳಿ ಕಂಪ್ಯೂಟರ್!" ಎಂದ ಪೂರ್ಣೇಶ್.

ಮತ್ತೆ ನಗು. ಹರಿದ ತೊಟ್ಟಿನಿಂದ ನೀರು ಒಸರುತ್ತಿತ್ತು. ಅಪೇಕ್ಷಾ ಅದನ್ನು ಬೆರಳಿನಲ್ಲಿ ಒರೆಸಿದಳು.

ಮೇಜಿನ ಮೇಲೆ ಎರಡು ಐಸ್‌ಕ್ರೀಮ್ ಡಬ್ಬಿಗಳಿದ್ದವು. ಒಂದರಲ್ಲಿ ಒಂದೆಲಗ, ಇನ್ನೊಂದರಲ್ಲಿ ದೊಡ್ಡಪತ್ರೆ. ಎರಡೂ ಡಬ್ಬಿಗಳ ಮಣ್ಣಿನಲ್ಲಿ ಒಂದೊಂದು ಮೊಳೆ ನೆಟ್ಟಿತ್ತು. ಮೊಳೆಗೆ ಕ್ಲಿಪ್ಪು, ಕ್ಲಿಪ್ಪಿಗೆ ವೈರು. ಆ ವೈರುಗಳು ಅಂಗೈಯಗಲದ ನೀಲಿ ಬೋರ್ಡಿಗೆ ಹೋಗುತ್ತಿದ್ದವು. ಒಂದೇ ಗಿಡವನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ದೀಪ ಹತ್ತುತ್ತದೆ.

ವಿಜ್ಞಾನದ ಶಿವಮೂರ್ತಿ ಸರ್ ಇದನ್ನು ಆ್ಯಂಡ್ ಗೇಟ್ ಎಂದು ಕರೆದಿದ್ದರು.

"ಇದೂ ಬೇಕು, ಅದೂ ಬೇಕು ಅನ್ನೋ ಗೇಟು. ಕಂಪ್ಯೂಟರ್ ಹೊಟ್ಟೇಲಿ ಇಂಥ ಗೇಟು ಕೋಟಿಗಟ್ಟಲೆ ಇರ್ತಾವೆ. ಅವಕ್ಕೆಲ್ಲ ಜೀವ ಇಲ್ಲ. ನಿನ್ನದಕ್ಕೆ ಜೀವ ಇದೆ ನೋಡು. ಗಿಡದೊಳಗೆ ನೀರಿದೆ, ನೀರಲ್ಲಿ ಉಪ್ಪಿನಂಶ ಇದೆ. ಅದ್ಕೇ ನೀನು ಎಲೆ ಮುಟ್ಟಿದ್ದು ಬೋರ್ಡಿಗೆ ಗೊತ್ತಾಗತ್ತೆ. ಹೊರದೇಶದಲ್ಲಿ ಅಣಬೆಯನ್ನೇ ಚಿಪ್ಪಿನ ಥರ ಬಳಸೋಕೆ ಆಗತ್ತಾ ಅಂತ ವಿಜ್ಞಾನಿಗಳು ನೋಡ್ತಿದಾರೆ" ಎಂದಿದ್ದರು ಸರ್.

ಮೊದಲ ಸಲ ದೀಪ ಹತ್ತಿದ್ದು ಒಂದು ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ಅಪೇಕ್ಷಾ ಒಂದು ಕೈಯನ್ನು ಒಂದೆಲಗದ ಮೇಲೆ, ಇನ್ನೊಂದನ್ನು ದೊಡ್ಡಪತ್ರೆಯ ಮೇಲೆ ಇಟ್ಟಿದ್ದಳು. ದೀಪ ಹತ್ತಿತು. "ಹತ್ತಿತು!" ಎಂದು ಕಿರುಚಿ ಹಿಂದೆ ತಿರುಗಿದಳು. ಹಿಂದೆ ಖಾಲಿ ಸ್ಟೂಲುಗಳಿದ್ದವು. ಮತ್ತೆ ಮುಂದೆ ತಿರುಗಿ ದೀಪವನ್ನು ಹತ್ತಿಸಿದಳು, ಆರಿಸಿದಳು. ಬೆಲ್ ಆಗುವ ತನಕ ಹಾಗೇ ಮಾಡುತ್ತಿದ್ದಳು.

ಅವಳು ಜೋಗದ ಈ ಶಾಲೆಗೆ ಬಂದು ಎಂಟು ತಿಂಗಳಾಗಿತ್ತು. ಮೊದಲು ತೀರ್ಥಹಳ್ಳಿಯಲ್ಲಿ ಓದುತ್ತಿದ್ದಳು. ಅಪ್ಪ ಯೋಗರಾಜ್‌ಗೆ ಇಲ್ಲಿನ ಪವರ್ ಹೌಸಿಗೆ ವರ್ಗವಾಯಿತು. ಅಮ್ಮ ನಿಟ್ಟೂರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. ಶನಿವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗಿಬಿಡುತ್ತಿದ್ದಳು.

ಏಳನೇ ಕ್ಲಾಸಿನಲ್ಲಿ ಉಳಿದವರೆಲ್ಲ ಅಂಗನವಾಡಿಯಿಂದಲೂ ಜೊತೆಯಲ್ಲೇ ಓದಿದವರು. ಅವರ ನಗುವಿಗೆ ಏನು ಕಾರಣ ಎಂದೇ ಅಪೇಕ್ಷಾಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಅವಳ ಬೆಂಚಿನಲ್ಲಿ ಕೂರುತ್ತಿದ್ದವಳು ಲಿಖಿತಾ. ಅವಳೂ ಮಾತು ಕಡಿಮೆ. ಲಿಖಿತಾಗೆ ಜಂಬ ಎಂದುಕೊಂಡಿದ್ದಳು ಅಪೇಕ್ಷಾ. ಅದಕ್ಕೇ ಬೆಂಚಿನ ಮೇಲೆ ಇಬ್ಬರ ನಡುವೆ ತನ್ನ ಬ್ಯಾಗ್ ಇಟ್ಟುಕೊಳ್ಳುತ್ತಿದ್ದಳು.

ಅಂದು ಸಂಜೆ ಅಪೇಕ್ಷಾ ಒಬ್ಬಳೇ ಮನೆಗೆ ಹೋದಳು. ಪವರ್ ಹೌಸ್ ಕಾಲೋನಿಯ ಅವರ ಸಾಲಿನಲ್ಲಿ ಎಂಟು ಮನೆಗಳು. ಐದಕ್ಕೆ ಬೀಗ. ಆ ಬೀಗಗಳು ತುಕ್ಕು ಹಿಡಿದಿದ್ದವು. ಆರನೆಯ ಬೀಗ ಅವರ ಮನೆಯದು. ಅದೊಂದು ಮಾತ್ರ ಹೊಳೆಯುತ್ತಿತ್ತು. ಅಪ್ಪನಿಗೆ ಎರಡನೇ ಶಿಫ್ಟ್ ಇತ್ತು. ಅವಳು ತೆಗೆದು ಒಳಗೆ ಹೋಗಿ ಟಿವಿ ಹಾಕಿದಳು. ನೋಡಲಿಕ್ಕಲ್ಲ, ಸದ್ದಿರಲಿ ಎಂದು.

ಬೆಳಿಗ್ಗೆ ತಿಂಡಿಗೆ ಕುಳಿತಾಗ ಅಪ್ಪನನ್ನು ಕೇಳಿದಳು.

"ಅಪ್ಪಾ, ಲ್ಯಾಬಲ್ಲಿ ಎಲ್ಲರೂ ನನ್ನ ಗಿಡ ಮುಟ್ತಾರೆ. ಯಾರೂ ಮುಟ್ಟದ ಹಾಗೆ ಎಂತ ಮಾಡ್ಲಿ?"

ಅಪ್ಪ ಸ್ವಲ್ಪ ಯೋಚಿಸಿದ. ಟೂಲ್ ಡಬ್ಬಿಯ ತಳದಿಂದ ಒಂದು ಕೆಂಪು ಟ್ಯಾಗ್ ತೆಗೆದ. ಅಂಗೈಯಷ್ಟು ದೊಡ್ಡದು, ಬಣ್ಣ ಮಾಸಿತ್ತು. 'ಕೆಲಸ ನಡೆಯುತ್ತಿದೆ. ಮುಟ್ಟಬೇಡಿ' ಎಂದು ಬರೆದಿತ್ತು. ಕೆಳಗೆ ಹೆಸರು ಬರೆಯಲು ಜಾಗವಿತ್ತು.

"ಇದು ಹಳೇದು. ನಾವು ಮಷೀನ್ ಒಳಗೆ ರಿಪೇರಿಗೆ ಇಳೀತೀವಲ್ಲ, ಆವಾಗ ಸ್ವಿಚ್ಚಿಗೆ ಇಂಥದ್ದು ಕಟ್ಟಿ ಇಳಿಯೋದು. ಯಾರ ಹೆಸರಿರತ್ತೋ ಅವರೇ ಬಂದು ತೆಗೀಬೇಕು. ಅಲ್ಲಿ ತನಕ ಎಷ್ಟು ದೊಡ್ಡ ಇಂಜಿನಿಯರ್ ಬಂದ್ರೂ ಮುಟ್ಟೋ ಹಾಗಿಲ್ಲ."

"ಮುಟ್ಟಿದ್ರೆ?"

"ಒಳಗಿದ್ದವನ ಗತಿ ಎಂತ ಆಗ್ಬೇಕು?" ಎಂದ ಅಪ್ಪ. "ಕಟ್ಟಿದ ಮೇಲೆ ಮರೀಬೇಡ. ನೀನೇ ತೆಗೀಬೇಕು."

ಅಪೇಕ್ಷಾ ಟ್ಯಾಗಿನ ಮೇಲೆ ದೊಡ್ಡದಾಗಿ ತನ್ನ ಹೆಸರು ಬರೆದಳು. ಶಾಲೆಗೆ ಹೋದವಳೇ ಎರಡೂ ಡಬ್ಬಿಗಳನ್ನು ಸುತ್ತಿ ದಾರ ಕಟ್ಟಿ, ಅದಕ್ಕೆ ಟ್ಯಾಗನ್ನು ನೇತುಹಾಕಿದಳು. ಇದರಿಂದ ಬಹಳ ಉಪಯೋಗ ಆಗುತ್ತದೆ ಎಂದು ಅವಳಿಗೇನೂ ಅನಿಸಿರಲಿಲ್ಲ. ತೀರ್ಥಹಳ್ಳಿಯ ಶಾಲೆಯಲ್ಲಿ 'ಮುಟ್ಟಬೇಡಿ' ಎಂದು ಬರೆದರೆ ಎಲ್ಲರೂ ಮೊದಲು ಅದನ್ನೇ ಮುಟ್ಟುತ್ತಿದ್ದರು.

ಇಲ್ಲಿ ಹಾಗಾಗಲಿಲ್ಲ. ಪೂರ್ಣೇಶ್ ಬಂದ. ಟ್ಯಾಗ್ ನೋಡಿದ. ಚಾಚಿದ್ದ ಕೈಯನ್ನು ಹಿಂದೆ ತೆಗೆದು ಜೇಬಿನಲ್ಲಿ ಇಟ್ಟುಕೊಂಡ. ಬಂದ ಹಾಗೇ ಹಿಂದೆ ಹೋದ.

ಅಪೇಕ್ಷಾಗೆ ಆಶ್ಚರ್ಯವಾಯಿತು. ಖುಷಿಯೂ ಆಯಿತು.

ಅದು ಗುರುವಾರ. ಸಂಜೆ ಅವಳಿಗೆ ಜ್ವರ ಬಂತು.

ಶುಕ್ರವಾರ ಬೆಳಿಗ್ಗೆ ಅಪ್ಪ ಅವಳಿಗೆ ಶಾಲು ಹೊದಿಸಿ ಬಸ್ಸಿನಲ್ಲಿ ನಿಟ್ಟೂರಿಗೆ ಕರೆದುಕೊಂಡು ಹೋದ. ಅಮ್ಮನ ಹತ್ತಿರ ಬಿಟ್ಟು ಶಿಫ್ಟಿಗೆ ಹಿಂತಿರುಗಿದ. ಎರಡು ದಿನ ಅಪೇಕ್ಷಾಗೆ ಏನೂ ನೆನಪಿರಲಿಲ್ಲ. ಭಾನುವಾರ ಜ್ವರ ಇಳಿಯಿತು. ಗಂಜಿ ಕುಡಿಯುತ್ತಿದ್ದವಳು ಫಕ್ಕನೆ ಬಟ್ಟಲನ್ನು ಕೆಳಗಿಟ್ಟಳು.

"ಅಮ್ಮಾ, ಗಿಡಕ್ಕೆ ನೀರು!"

"ಯಾವ ಗಿಡ?"

"ಲ್ಯಾಬಿನದು. ಬುಧವಾರ ಎಕ್ಸಿಬಿಷನ್. ಒಂದೆಲಗಕ್ಕೆ ದಿನಾ ನೀರು ಬೇಕು."

"ಶಿವಮೂರ್ತಿ ಸರ್‌ಗೆ ಹೇಳು."

"ಅವ್ರು ಸಾಗರಕ್ಕೆ ಟ್ರೈನಿಂಗ್ ಹೋಗಿದಾರೆ. ಬುಧವಾರವೇ ಬರೋದು."

"ಮತ್ತೆಂತ? ಯಾರಾದ್ರೂ ಫ್ರೆಂಡಿಗೆ ಹೇಳು" ಎಂದು ಅಮ್ಮ ಫೋನ್ ಕೊಟ್ಟಳು. "ನಾಳೆ ಶಾಲೆ ಇದೆಯಲ್ಲ, ಒಂದು ಲೋಟ ನೀರು ಹಾಕ್ತಾರೆ."

ಅಪೇಕ್ಷಾ ಫೋನನ್ನು ಕೈಯಲ್ಲಿ ಹಿಡಿದು ಕುಳಿತಳು. ಏಳನೇ ಕ್ಲಾಸಿನಲ್ಲಿ ಇಪ್ಪತ್ತಮೂರು ಮಕ್ಕಳಿದ್ದರು. ಒಬ್ಬರ ನಂಬರೂ ಅವಳ ಹತ್ತಿರ ಇರಲಿಲ್ಲ.

"ಹೇಳಿದ್ಯಾ?" ಎಂದು ಅಮ್ಮ ಒಳಗಿನಿಂದ ಕೇಳಿದಳು.

"ಹೂಂ. ಹಾಕ್ತಾರಂತೆ" ಎಂದಳು ಅಪೇಕ್ಷಾ.

ಮತ್ತೆರಡು ದಿನ ಅಮ್ಮ ಅವಳನ್ನು ಶಾಲೆಗೆ ಬಿಡಲಿಲ್ಲ. ಬುಧವಾರ ಒಂಬತ್ತೂ ಮುಕ್ಕಾಲಿಗೆ ಅಪ್ಪನ ಬೈಕು ಶಾಲೆಯ ಗೇಟಿನ ಮುಂದೆ ನಿಂತಿತು. ಅಪೇಕ್ಷಾ ಲ್ಯಾಬಿಗೆ ಓಡಿದಳು.

ದೊಡ್ಡಪತ್ರೆ ಚೆನ್ನಾಗಿತ್ತು. ಅದರ ದಪ್ಪ ಎಲೆಗಳಲ್ಲಿ ನೀರಿರುತ್ತದೆ. ಒಂದೆಲಗದ ಎಲೆಗಳು ಮಾತ್ರ ಡಬ್ಬಿಯ ಅಂಚಿಗೆ ಜೋತುಬಿದ್ದು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿದ್ದವು. ಕಿಟಕಿಯ ಬಿಸಿಲು ಅಲ್ಲಿಗೇ ಬೀಳುತ್ತಿತ್ತು. ಮಣ್ಣು ಒಣಗಿ ಡಬ್ಬಿಯ ಗೋಡೆಯಿಂದ ಬಿಟ್ಟುಕೊಂಡಿತ್ತು.

ಟ್ಯಾಗ್ ಅವಳು ಕಟ್ಟಿದ್ದ ಹಾಗೇ ಇತ್ತು. ಗಂಟು ಕೂಡ ಸಡಿಲವಾಗಿರಲಿಲ್ಲ.

ಮೇಜನ್ನು ಯಾರೋ ಚೆನ್ನಾಗಿ ಒರೆಸಿದ್ದರು. ಟ್ಯಾಗಿನ ಸುತ್ತ ಒಂದು ಗೇಣು ಜಾಗದಲ್ಲಿ ಮಾತ್ರ ಧೂಳು ಹಾಗೇ ಉಳಿದಿತ್ತು. ಆ ಧೂಳಿನ ಅಂಚಿಗೆ ಸರಿಯಾಗಿ ಒಂದು ನೀಲಿ ವಾಟರ್ ಬಾಟಲ್ ನಿಂತಿತ್ತು. ಅದರ ತುಂಬ ನೀರಿತ್ತು.

"ಇಷ್ಟು ಹತ್ರ ನೀರಿಟ್ಟು ಯಾರೂ ಹಾಕ್ಲಿಲ್ವಾ?" ಎಂದು ಅಪೇಕ್ಷಾ ಖಾಲಿ ಲ್ಯಾಬನ್ನೇ ಕೇಳಿದಳು. "ಎಷ್ಟು ಸಿಟ್ಟು ನಿಮಗೆಲ್ಲ ನನ್ನ ಮೇಲೆ?"

"ಅದು ನನ್ನ ಬಾಟಲ್" ಎಂದಿತು ಹಿಂದಿನಿಂದ ಒಂದು ಸಣ್ಣ ದನಿ. ಬಾಗಿಲಲ್ಲಿ ಲಿಖಿತಾ ನಿಂತಿದ್ದಳು.

"ಮತ್ತೆ ಯಾಕೆ ಹಾಕ್ಲಿಲ್ಲ?"

"ಟ್ಯಾಗ್ ಇತ್ತಲ್ಲ."

"ಟ್ಯಾಗ್ ಇದ್ರೆ? ಇದೆಂತ ಕರೆಂಟಾ? ಗಿಡ ಕಣೆ ಇದು!"

ಲಿಖಿತಾ ಕೆಳಗೆ ನೋಡಿದಳು. "ನಂಗೊತ್ತು. ಸೋಮವಾರ, ನಿನ್ನೆ, ಎರಡೂ ದಿನ ಬಂದು ನಿಂತಿದ್ದೆ. ಕೈ ಮುಂದೆ ಹೋಗ್ಲಿಲ್ಲ. ಸಣ್ಣವಳಿದ್ದಾಗ ಅಪ್ಪನ ಟ್ಯಾಗ್ ಆಟಕ್ಕೆ ಅಂತ ತೆಗ್ದಿದ್ದೆ. ಅಪ್ಪ ನಂಗೆ ಹೊಡೆದಿದ್ದು ಅದೊಂದೇ ಸಲ."

ಗುಡಿಸಲು ಬಂದಿದ್ದ ಗುತ್ಯಮ್ಮ ಪೊರಕೆ ಹಿಡಿದೇ ಒಳಗೆ ಬಂದಳು. ಶಾಲೆಯ ಕಸ ಗುಡಿಸುವುದು, ವರಾಂಡದ ಗಿಡಗಳಿಗೆ ನೀರು ಹಾಕುವುದು ಎಲ್ಲ ಅವಳದೇ ಕೆಲಸ.

"ಅವಳಿಗೆ ಬೈಬೇಡ ಮಗಾ. ನಾನೂ ಮುಟ್ಟಿಲ್ಲ. ನನ್ನ ಅಣ್ಣ ಎಲ್ಲೋ ದೂರದೂರಲ್ಲಿ ಕಂತ್ರಾಟಿನವರ ಜೊತೆ ಲೈನ್ ಕೆಲಸಕ್ಕೆ ಹೋಗಿದ್ದ. ಇವ ಮೇಲೆ ಕಂಬದಲ್ಲಿ, ಕೆಳಗೆ ಯಾವನೋ ಟ್ಯಾಗ್ ತೆಗೆದು ಸ್ವಿಚ್ ಹಾಕ್ದ. ಅಣ್ಣಂಗೆ ಬಲಗೈ ಹೋಯ್ತು. ಈ ಕಾಲೋನೀಲಿ ಹಸುಗೂಸಿಗೂ ಗೊತ್ತು, ಹೆಸರಿದ್ದವರೇ ತೆಗೀಬೇಕು ಅಂತ."

ಅಪೇಕ್ಷಾ ಟ್ಯಾಗ್ ನೋಡಿದಳು. ಅಲ್ಲಿದ್ದ ಹೆಸರು ಅವಳದೇ. ಅವಳದೇ ಅಕ್ಷರ.

"ನಿಂಗೆ ಹೇಳೋಣ ಅಂದ್ರೆ ನಿನ್ನ ನಂಬರ್ ಯಾರ ಹತ್ರಾನೂ ಇಲ್ಲ" ಎಂದಳು ಲಿಖಿತಾ. "ಮನೆ ಹತ್ರಾನೂ ಬಂದಿದ್ದೆ. ಬೀಗ ಇತ್ತು. ಆ ಸಾಲಲ್ಲಿ ಆರು ಮನೆಗೆ ಬೀಗ. ನಿಂದು ಯಾವ್ದು ಅಂತ ಹೊಳೆಯೋ ಬೀಗ ನೋಡಿ ಕಂಡುಹಿಡಿದೆ."

ಅಪೇಕ್ಷಾ ಗಂಟು ಬಿಚ್ಚಿ ಟ್ಯಾಗ್ ತೆಗೆದಳು. ತಕ್ಷಣ ಲಿಖಿತಾ ಬಾಟಲಿಯ ಮುಚ್ಚಳ ತಿರುಗಿಸಿ ಒಂದೆಲಗಕ್ಕೆ ನೀರು ಸುರಿದಳು. ನೀರು ಮಣ್ಣಿನ ಬದಿಯಿಂದ ಹಾಗೇ ಕೆಳಗಿಳಿದು ಮೇಜಿನ ಮೇಲೆ ಹರಿಯಿತು. ಅಪೇಕ್ಷಾ ಬೋರ್ಡನ್ನು ಲ್ಯಾಬಿನ ಲ್ಯಾಪ್‌ಟಾಪಿಗೆ ಜೋಡಿಸಿ ಎರಡೂ ಗಿಡಗಳ ಮೇಲೆ ಕೈ ಇಟ್ಟಳು. ಒಂದೆಲಗದ ಎಲೆ ಬೆರಳಿನಡಿ ಪುಡಿಯಾಯಿತು. ದೀಪ ಹತ್ತಲಿಲ್ಲ.

ಅಷ್ಟರಲ್ಲಿ ಪೂರ್ಣೇಶ್ ಬಂದ. ಅವನ ಗುಂಪಿನದು ಅಣೆಕಟ್ಟಿನ ಮಾಡೆಲ್. ಜೋಗದ ಶಾಲೆಯಲ್ಲಿ ಪ್ರತಿ ವರ್ಷವೂ ಯಾರಾದರೂ ಅಣೆಕಟ್ಟು ಮಾಡುತ್ತಾರೆ. ಈ ವರ್ಷ ಅದರ ಗೇಟು ತಾನಾಗಿಯೇ ತೆರೆಯಬೇಕಿತ್ತು. ಅದಕ್ಕೂ ಬೋರ್ಡು ಬೇಕು. ಲ್ಯಾಬಿನಲ್ಲಿ ಸರಿಯಾಗಿದ್ದದ್ದು ಒಂದೇ ಬೋರ್ಡು.

"ಸರ್ ಬಂದ್ರು. ಹತ್ತು ಗಂಟೆಗೆ ನಿಂದು ಓಡದಿದ್ರೆ ಬೋರ್ಡು ನಮಗಂತೆ" ಎಂದ. ಬಾಡಿದ ಗಿಡ ನೋಡಿ ಅವನ ದನಿ ಸಣ್ಣದಾಯಿತು. "ಇನ್ನೊಂದು ಗಿಡ ಇಡ್ಬಹುದಿತ್ತಲ್ಲ?"

ವರಾಂಡದಲ್ಲಿದ್ದವೆಲ್ಲ ದೊಡ್ಡ ಸಿಮೆಂಟ್ ಕುಂಡಗಳು. ನಾಲ್ಕು ಜನ ಹಿಡಿದರೂ ಅಲ್ಲಾಡುವುದಿಲ್ಲ. ಹೊರಗೆ ಹೋಗಿ ಕಿತ್ತು ತರೋಣವೆಂದರೆ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ. ತಾಲೂಕು ಎಕ್ಸಿಬಿಷನ್‌ಗೆ ಆಯ್ಕೆ ಮಾಡಲು ಸಾಗರದಿಂದ ಬಂದವರ ಜೀಪು ಗೇಟಿನೊಳಗೆ ತಿರುಗುತ್ತಿತ್ತು.

"ಕೊಟ್ಟುಬಿಡ್ತೀನಿ" ಎಂದಳು ಅಪೇಕ್ಷಾ. ಯಾರ ಮುಖವನ್ನೂ ನೋಡದೆ ದೊಡ್ಡಪತ್ರೆಯ ಡಬ್ಬಿಯನ್ನು ಎಲೆ ಸಮೇತ ಒಂದು ಕೈಯಿಂದ ತಬ್ಬಿ ಹಿಡಿದಳು. "ಲಿಖಿತಾ, ಆ ಕಡೆ ಕ್ಲಿಪ್ಪು ತೆಗಿತೀಯಾ?"

ಲಿಖಿತಾ ಒಂದೆಲಗದ ಮೊಳೆಯಿಂದ ಕ್ಲಿಪ್ಪು ತೆಗೆದಳು. ಅದರ ಲೋಹದ ತುದಿ ಅವಳ ಒದ್ದೆ ಬೆರಳಿಗೆ ತಾಗಿತು.

ದೀಪ ಹತ್ತಿತು.

ಮೂವರೂ ದೀಪವನ್ನೇ ನೋಡಿದರು.

"ಹೇ! ಏನ್ ಮಾಡ್ದೆ?" ಎಂದ ಪೂರ್ಣೇಶ್.

"ನಾನೆಂತ ಮಾಡ್ಲಿಲ್ಲ" ಎಂದು ಲಿಖಿತಾ ಹೆದರಿ ಕ್ಲಿಪ್ಪು ಬಿಡಲು ಹೋದಳು.

"ಬಿಡ್ಬೇಡ!" ಅಪೇಕ್ಷಾ ಕೂಗಿದಳು. ಅವಳ ತಲೆ ಬೇಗ ಬೇಗ ಓಡುತ್ತಿತ್ತು. ಗಿಡದೊಳಗೆ ನೀರಿದೆ, ನೀರಲ್ಲಿ ಉಪ್ಪಿನಂಶ ಇದೆ. ಲಿಖಿತಾಳೊಳಗೂ ಇದೆ. "ಅದನ್ನ ಗಟ್ಟಿ ಹಿಡ್ಕೊಂಡು ಸುಮ್ನೆ ನಿಂತ್ಕೊ. ಅಲ್ಲಾಡ್ಬೇಡ. ನೀನೀಗ ಗಿಡ."

"ಆಂ?"

"ಗಿಡ ಆಗು ಮಾರಾಯ್ತಿ!" ಎಂದ ಪೂರ್ಣೇಶ್.

ಅಪೇಕ್ಷಾ ದೊಡ್ಡಪತ್ರೆಯಿಂದ ಕೈ ತೆಗೆದು ಬೋರ್ಡಿನ ರೀಸೆಟ್ ಗುಂಡಿ ಒತ್ತಿದಳು. ರೀಸೆಟ್ ಆದಾಗ ತನಗೆ ಏನೇನು ಜೋಡಿಸಿದ್ದಾರೆ ಎಂದು ಬೋರ್ಡು ಹೊಸದಾಗಿ ಅಳೆದು ನೋಡುತ್ತದೆ. ಅಲ್ಲಿ ಡಬ್ಬಿಯಲ್ಲಿರುವುದು ಯಾವುದು, ಯೂನಿಫಾರಂ ಹಾಕಿಕೊಂಡಿರುವುದು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ದೀಪ ಆರಿತು.

ಈಗ ಅಪೇಕ್ಷಾ ಬಲಗೈಯಿಂದ ದೊಡ್ಡಪತ್ರೆಯ ಎಲೆ ಹಿಡಿದಳು. ದೀಪ ಹತ್ತಲಿಲ್ಲ. ಎಡಗೈಯನ್ನು ಲಿಖಿತಾಳ ಕಡೆ ಚಾಚಿ ಅರ್ಧದಲ್ಲಿ ನಿಲ್ಲಿಸಿದಳು. ಎಂಟು ತಿಂಗಳು ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಅವಳ ಕೈಯನ್ನು ಮುಟ್ಟಿರಲಿಲ್ಲ.

"ಹಿಡ್ಕೊಳ್ಳೆ, ಜೀಪಿಂದ ಇಳೀತಿದಾರೆ" ಎಂದಳು ಲಿಖಿತಾ.

ಅಪೇಕ್ಷಾ ಹಿಡಿದುಕೊಂಡಳು. ಲಿಖಿತಾಳ ಕೈ ಒದ್ದೆಯಾಗಿತ್ತು, ಬೆಚ್ಚಗಿತ್ತು. ಹಸಿರು ದೀಪ ಹತ್ತಿತು. ಬಿಟ್ಟಳು, ಆರಿತು. ಮತ್ತೆ ಹಿಡಿದಳು.

"ಹತ್ತಿತು!" ಎಂದು ಪೂರ್ಣೇಶ್ ಕಿರುಚಿದ.

ಸಾಗರದಿಂದ ಬಂದ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮೇಜಿನ ಮುಂದೆ ನಿಂತರು. ಬಾಡಿದ ಒಂದೆಲಗ ನೋಡಿದರು. ಕ್ಲಿಪ್ಪು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ ಲಿಖಿತಾಳನ್ನೂ ನೋಡಿದರು.

"ಈ ಸರ್ಕ್ಯೂಟಲ್ಲಿ ಏನೇನು ಭಾಗ ಇದೆಯಮ್ಮ?"

"ಒಂದು ಬೋರ್ಡು, ಎರಡು ರೆಸಿಸ್ಟರ್, ಒಂದು ಎಲ್‌ಇಡಿ, ಒಂದು ದೊಡ್ಡಪತ್ರೆ" ಎಂದು ಅಪೇಕ್ಷಾ ಎಣಿಸಿದಳು. ಒಂದು ಕ್ಷಣ ತಡೆದು, "ಒಂದು ಲಿಖಿತಾ" ಎಂದಳು.

ಮೇಡಂ ನಕ್ಕರು. ಶಿವಮೂರ್ತಿ ಸರ್ ನಗಲಿಲ್ಲ. ಒಂದೆಲಗದ ಡಬ್ಬಿಯನ್ನೇ ನೋಡುತ್ತಿದ್ದರು.

"ಇದಕ್ಕೇನಾಯ್ತು?" ಎಂದು ಕೇಳಿದರು.

"ನೀರಿಲ್ಲದೆ ಒಣಗಿತು ಸರ್. ಯಾರೂ ಮುಟ್ಟದ ಹಾಗೆ ನಾನೇ ಮಾಡಿದ್ದೆ."

ತಾಲೂಕು ಎಕ್ಸಿಬಿಷನ್‌ಗೆ ಕೊನೆಗೆ ಆಯ್ಕೆಯಾದದ್ದು ಅಣೆಕಟ್ಟೇ. ಬೋರ್ಡಿಲ್ಲದಿದ್ದರೂ ಪೂರ್ಣೇಶ್ ಮೇಜಿನಡಿ ಕುಳಿತು, ಯಾರಿಗೂ ಕಾಣದ ಹಾಗೆ ದಾರ ಎಳೆದು ಗೇಟು ತೆರೆದಿದ್ದ. ಮೇಡಮ್ಮಿಗೆ ಅದು ತಿಳಿದೇ ಇತ್ತು. "ದಾರ ಎಳೆಯೋ ಹುಡುಗ ಹೊರಗೆ ಬಾಪ್ಪಾ" ಎಂದಾಗ ಇಡೀ ಲ್ಯಾಬು ನಕ್ಕಿತ್ತು. ಅಪೇಕ್ಷಾ ಕೂಡ. ಈ ಸಲ ಏಕೆ ನಗುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

ಎಲ್ಲರೂ ಹೋದ ಮೇಲೆ ಅವಳು ಒಂದೆಲಗವನ್ನು ಬಿಸಾಡಲು ಎತ್ತಿಕೊಂಡಳು. ಗುತ್ಯಮ್ಮ ಡಬ್ಬಿಯನ್ನು ಕಸಿದುಕೊಂಡಳು.

"ಮೇಲೆ ಸತ್ತಿದೆ ಅಷ್ಟೆ. ಬೇರಿಗೆ ಇನ್ನೂ ಜೀವ ಇರತ್ತೆ. ಹೊರಗೆ ನೆರಳಲ್ಲಿ ಇಡು."

ಅಪೇಕ್ಷಾ ಡಬ್ಬಿಯನ್ನು ವರಾಂಡದ ಮೂಲೆಯಲ್ಲಿಟ್ಟಳು. ಕೆಂಪು ಟ್ಯಾಗ್ ಅವಳ ಜೇಬಿನಲ್ಲಿತ್ತು. ಅದನ್ನು ಮನೆಗೆ ಕೊಂಡುಹೋಗಿ ಅಪ್ಪನ ಟೂಲ್ ಡಬ್ಬಿಯ ತಳಕ್ಕೆ ಹಾಕಿದಳು.

ಅಂದು ಸಂಜೆಯೂ ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಗಳ ಬೀಗ ಹಾಗೇ ಇದ್ದವು. ಅವಳು ಟಿವಿ ಹಾಕಿಕೊಂಡು ಹೋಂವರ್ಕ್ ಮಾಡಿದಳು. ನಡುನಡುವೆ ಎಡ ಅಂಗೈಯನ್ನು ಬಿಡಿಸಿ ನೋಡಿಕೊಂಡಳು.

ಮಾರನೇ ದಿನ ಬಾಟಲಿಯ ತುಂಬ ನೀರು ತೆಗೆದುಕೊಂಡು ಎಲ್ಲರಿಗಿಂತ ಮೊದಲು ಶಾಲೆಗೆ ಬಂದಳು. ವರಾಂಡದಲ್ಲಿ ಯಾರೂ ಇರಲಿಲ್ಲ. ಡಬ್ಬಿಯ ಹತ್ತಿರ ಕುಕ್ಕುರುಗಾಲಿನಲ್ಲಿ ಕುಳಿತು ಮುಚ್ಚಳ ತಿರುಗಿಸಿದಳು. ಆಮೇಲೆ ಮಣ್ಣನ್ನು ಮುಟ್ಟಿ ನೋಡಿದಳು.

ಒದ್ದೆಯಾಗಿತ್ತು.

ಲಿಖಿತಾ ಬಂದು ಹೋಗಿದ್ದಳೋ, ಗುತ್ಯಮ್ಮನೋ, ಪೂರ್ಣೇಶನೋ. ಗಿಡದಲ್ಲಿ ಹಸಿರೇನೂ ಕಾಣುತ್ತಿರಲಿಲ್ಲ. ಅಪೇಕ್ಷಾ ಬೆರಳಿಗೆ ಹತ್ತಿದ ಒದ್ದೆ ಮಣ್ಣನ್ನು ಒರೆಸಿಕೊಳ್ಳದೆ ಬಾಟಲಿಯ ಮುಚ್ಚಳವನ್ನು ಮತ್ತೆ ಹಾಕಿದಳು.

ಬೆಲ್ ಆಯಿತು. ಕ್ಲಾಸಿನಲ್ಲಿ ಅಪೇಕ್ಷಾ ತನ್ನ ಜಾಗದಲ್ಲಿ ಕುಳಿತು, ಬ್ಯಾಗನ್ನು ಎಂದಿನಂತೆ ಬೆಂಚಿನ ನಡುವೆ ಇಟ್ಟಳು. ಬಾಗಿಲಲ್ಲಿ ಲಿಖಿತಾ ಬರುವುದು ಕಾಣಿಸಿತು.

ಅಪೇಕ್ಷಾ ಬ್ಯಾಗನ್ನು ಎತ್ತಿ ಕಾಲಬುಡದಲ್ಲಿ ಇಟ್ಟುಕೊಂಡಳು.